ಹದಿನಾಲ್ಕು ಶರಣಪ್ಪಂದಿರು, ಒಂದೇ ಪರದೆ

ಸಾಕೆಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದವನಿಗೆ ಬೆರಳ ಸಂದಿಯಿಂದಲೇ ಇನ್ನೊಂದು ಹೋಳಿಗೆ ಜಾರಿಸುವುದು ನಮ್ಮ ಮನೆತನದ ಹಳೇ ಚಟ. ನಮ್ಮಪ್ಪ ಅದರಲ್ಲಿ ಪಳಗಿದ ಕೈ. ಪಂಕ್ತಿಯಲ್ಲಿ ಇದಕ್ಕೆ ಪ್ರೀತಿ ಅನ್ನುತ್ತಾರೆ. ನಾನು ಈ ಚಟವನ್ನು ಸಾಫ್ಟ್‌ವೇರಿನೊಳಕ್ಕೆ ತಂದೆ. ಅಲ್ಲಿ ಅದಕ್ಕೆ ಏನನ್ನುತ್ತಾರೆಂದು ಕಮಲಾಪುರದ ಡಾಕ್ಟರರು ಒಮ್ಮೆ ಫೋನಿನಲ್ಲಿ ಹೇಳಿದರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕಂಪ್ಯೂಟರ್ ಇದ್ದ ಖೋಲಿಗೆ ಜನ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದ ಕಾಲ ಅದು. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಬಾಡಿಗೆ ಮನೆಯ ಮುಂದೆ ಬೋರ್ಡು ಹಾಕಿ ಕೂತಿದ್ದೆ. ಆ ಡಾಕ್ಟರರೇ ನನ್ನ ಮೊದಲ ಗಿರಾಕಿ. ಅವರ ದವಾಖಾನೆಯಲ್ಲಿ ಪೇಶಂಟುಗಳ ಹಳೇ ಚೀಟಿಗಳೆಲ್ಲ ಒಂದು ದೊಡ್ಡ ಕಪಾಟಿನಲ್ಲಿದ್ದವು. ಯಾರ ಚೀಟಿ ಯಾವ ಖಣದಲ್ಲಿದೆ ಎಂಬುದು ಮಾತ್ರ ಕಂಪೌಂಡರ್ ಇಮಾಮಸಾಬರ ತಲೆಯಲ್ಲಿತ್ತು. ಅವರಿಗೆ ವಯಸ್ಸಾಗಿತ್ತು, ಕೆಲಸ ಬಿಟ್ಟು ಮಗಳ ಊರಿಗೆ ಹೊರಟಿದ್ದರು. ಅವರು ಹೋಗುವುದರೊಳಗೆ ಆ ತಲೆಯಲ್ಲಿದ್ದದ್ದು ಕಂಪ್ಯೂಟರಿಗೆ ಬರಬೇಕು. ಡಾಕ್ಟರರು ಕೇಳಿದ್ದು ಇಷ್ಟೇ.

ನಾನು ಇಷ್ಟಕ್ಕೇ ಬಿಡುವವನೇ? ಇಪ್ಪತ್ತಾರು ಪರದೆ ಮಾಡಿದೆ. ಮುತ್ತಜ್ಜನ ಹೆಸರಿಗೊಂದು ಜಾಗ, ಪಿನ್ ಕೋಡಿಗೊಂದು ಜಾಗ, ಜನ್ಮರಾಶಿಗೂ ಒಂದು. ತೆರೆಯುತ್ತಲೇ ಕಮಲಾಪುರದ ಕೆಂಪು ಬಾಳೆಹಣ್ಣೊಂದು ತಾನಾಗಿಯೇ ಸಿಪ್ಪೆ ಸುಲಿದುಕೊಳ್ಳುವ ಚಿತ್ರ. ಅದೊಂದಕ್ಕೇ ಮೂರು ವಾರ ಹಿಡಿಯಿತು. ಡಾಕ್ಟರರು ಫೋನ್ ಮಾಡಿದಾಗೆಲ್ಲ "ಮುಂದಿನ ವಾರ ತರ್ತೀನ್ರಿ ಸರ" ಅನ್ನುತ್ತಿದ್ದೆ. ಹೀಗೆ ಹತ್ತು ತಿಂಗಳು ಕಳೆದವು, ಇಮಾಮಸಾಬರ ಪಯಣವೂ ನಿಂತೇ ಇತ್ತು. ಕೊನೆಗೆ ಡಾಕ್ಟರರ ತಾಳ್ಮೆ ಹರಿಯಿತು. "ಬರೋ ಸೋಮವಾರ ನಡಸಿ ತೋರಸ್ರಿ. ಇಲ್ಲಾಂದ್ರ ಇಲ್ಲಿ ಖಾಲಿ ಕುಂತ ಈ ಕಂಪ್ಯೂಟರ್ ಡಬ್ಬಿ ತಂದು ನಿಮ್ಮ ಮನಿ ಮುಂದ ಇಟ್ಟು ಹೋಗ್ತೀನಿ. ಓಣಿ ಮಂದಿ ನೋಡ್ಲಿ!" ಓಣಿಯವರು ನನ್ನನ್ನು ಇಂಜಿನಿಯರ್ ಸಾಹೇಬ್ರ ಎಂದು ಕರೆಯುತ್ತಿದ್ದರು. ನನಗಿದ್ದ ಆಸ್ತಿಯೆಲ್ಲ ಆ ಹೆಸರೇ.

ಅದೇ ಹೊತ್ತಿಗೆ ಹೈದರಾಬಾದಿನ ಗೆಳೆಯನೊಬ್ಬ ಒಂದಿಷ್ಟು ಝೆರಾಕ್ಸ್ ಹಾಳೆ ಕಳಿಸಿದ್ದ. ಜಪಾನಿನ ಕಾರು ಕಾರ್ಖಾನೆಯವರ ರೀತಿಯನ್ನು ಸಾಫ್ಟ್‌ವೇರಿಗೆ ಹಚ್ಚುವುದು ಹೇಗೆಂದು ಅದರಲ್ಲಿತ್ತು. ಹೆಸರು ಲೀನ್, ಅಂದರೆ ಬೊಜ್ಜಿಲ್ಲದ್ದು. ಊಟಕ್ಕೆ ಕೂತಾಗ ಹೆಂಡತಿ ಸುಧಾಳಿಗೆ ಓದಿ ಹೇಳಿದೆ: ಗಿರಾಕಿ ಕೇಳದ್ದನ್ನು ಮಾಡಬೇಡ, ಮಾಡಿದ್ದನ್ನು ರಾಶಿ ಹಾಕಬೇಡ, ಸ್ವಲ್ಪ ಮಾಡು, ತೋರಿಸು, ಮತ್ತೆ ಮಾಡು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವಳು ತಿರುಗಿಯೂ ನೋಡಲಿಲ್ಲ. "ಇದನ್ನ ಕಲೀಲಾಕ ಜಪಾನಿನವರು ಯಾಕ ಬೇಕ್ರಿ? ನಿಮ್ಮ ತಾಟಿನಾಗಿಂದು ಮುಗದ ಮ್ಯಾಲೇ ನಾ ಇನ್ನೊಂದು ಬಡೀತೀನಿ. ಎಲ್ಲಾ ಒಮ್ಮೆಲೇ ಬಡದು ಒಟ್ಟಿದ್ರ ಕಡಕ್ ಆಗ್ತಾವ. ನಿಮ್ಮ ಇಪ್ಪತ್ತಾರು ಪರದಿ ಅವೇ ನೋಡ್ರಿ."

"ಕಡಕ್ ರೊಟ್ಟಿ ತಿಂಗಳಾನುಗಟ್ಲೆ ಇರ್ತದ," ಎಂದೆ, ಸೋಲಬಾರದೆಂದು.

"ಇರ್ತದ. ತಿನ್ನೋರಿಗೆ ಹಲ್ಲು ಇರಬೇಕಲ್ಲ? ಅದಿರಲಿ, ನೀವು ಒಮ್ಮೆರ ಕಮಲಾಪುರಕ್ಕ ಹೋಗೀರೇನು?"

ನಾನು ರೊಟ್ಟಿಯನ್ನು ಬೇಳೆಯಲ್ಲಿ ಅದ್ದಿದೆ. ಹುಮನಾಬಾದ್ ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ಹತ್ತು ತಿಂಗಳು ಎಲ್ಲವನ್ನೂ ಫೋನಿನಲ್ಲೇ ನಡೆಸಿದ್ದೆ. ಕೆಲಸ ನಡೆಯುವ ಜಾಗಕ್ಕೇ ಹೋಗಿ ಕಣ್ಣಾರೆ ನೋಡು ಎಂದು ಝೆರಾಕ್ಸಿನಲ್ಲಿ ದಪ್ಪ ಅಕ್ಷರದಲ್ಲಿತ್ತು. ಆ ಸಾಲನ್ನು ಅವಳಿಗೆ ಓದಿ ಹೇಳಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹೋಗಿ ಇಮಾಮಸಾಬರ ಪಕ್ಕದ ಬೆಂಚಿನ ಮೇಲೆ ಕೂತೆ. ಮೊದಲು ಬಂದವನು "ಶರಣಪ್ಪ ಅಂತರಿ" ಎಂದ. ಇಮಾಮಸಾಬರು ತಲೆಯೆತ್ತದೆ "ಯಾವ ಶರಣಪ್ಪ?" ಎಂದರು. "ಬಾವಿ ಮನಿ." ಕೈ ನೇರ ಮೂರನೇ ಖಣಕ್ಕೆ ಹೋಯಿತು. ಅವನ ಹಿಂದೆ ಕಂಡಕ್ಟರ್ ಶರಣಪ್ಪ. ಅವನ ಹಿಂದಿನವನಂತೂ ಸಂಕೋಚವಿಲ್ಲದೆ "ಇಬ್ಬರು ಹೆಂಡ್ರ ಶರಣಪ್ಪರಿ, ತಲಿ ಭಾಳ ನೋಯ್ಲಾಕತ್ತದ" ಎಂದ. ಅಂಥ ಶರಣಪ್ಪಂದಿರು ಒಟ್ಟು ಹದಿನಾಲ್ಕು ಮಂದಿಯಂತೆ! ಪಿನ್ ಕೋಡು ಒಬ್ಬನೂ ಹೇಳಲಿಲ್ಲ, ಮುತ್ತಜ್ಜನನ್ನು ಯಾರೂ ಕೇಳಲಿಲ್ಲ.

"ಈ ಬಾವಿ ಮನಿ, ಕಂಡಕ್ಟರ್, ಇದಕ್ಕ ಏನಂತಾರ ಚಾಚಾ?"

"ಗುರುತು ಸಾಬ್. ಅದಿಲ್ಲಾಂದ್ರ ಒಬ್ಬಂದು ಗುಳಿಗಿ ಇನ್ನೊಬ್ಬನ ಹೊಟ್ಟಿಗಿ ಹೋಗ್ತದ."

ಬೆರಳು ಮಡಿಚಿ ನನ್ನ ಪರದೆಗಳನ್ನೆಲ್ಲ ಎಣಿಸಿದೆ. ಇಪ್ಪತ್ತಾರು ಪರದೆಯಲ್ಲಿ ಗುರುತಿಗೆ ಮಾತ್ರ ಜಾಗವಿರಲಿಲ್ಲ!

ಅವತ್ತೇ ಮನೆಗೆ ಬಂದು ಇಪ್ಪತ್ತೈದು ಪರದೆ ಕಿತ್ತುಹಾಕಿದೆ. ಬಾಳೆಹಣ್ಣು ತೆಗೆಯುವಾಗ ನಿಜಕ್ಕೂ ಕಣ್ಣು ತುಂಬಿ ಬಂತು. ಉಳಿದದ್ದು ಹೆಸರು, ಗುರುತು, ಖಣ. ಬರೆದದ್ದನ್ನು ಅಳಿಸಲು ಒಂದು ಗುಂಡಿ ಇತ್ತು. ಯಾರೂ ಕೇಳಿಲ್ಲವೆಂದು ಹೊಸ ಹುರುಪಿನಲ್ಲಿ ಅದನ್ನೂ ಕಿತ್ತೆ. ಬುಧವಾರ ಒಯ್ದು ತೋರಿಸಿದೆ. ಅಕ್ಷರ ಸಣ್ಣವಾದವು ಅಂದರು ಇಮಾಮಸಾಬರು. ಗುರುವಾರ ದೊಡ್ಡದು ಮಾಡಿ ಒಯ್ದೆ. ಅಂದಿನಿಂದ ಅವರೇ ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಕಪಾಟನ್ನೆಲ್ಲ ಒಳಗೆ ಇಳಿಸತೊಡಗಿದರು. ಶುಕ್ರವಾರ ನನ್ನ ಹೆಬ್ಬೆರಳು ಬಸ್ಸಿನ ಬಾಗಿಲಿಗೆ ಸಿಕ್ಕಿತು. ಅವರೇ ಪಟ್ಟಿ ಕಟ್ಟಿ, ನನ್ನ ಹೆಸರಿಗೂ ಒಂದು ಚೀಟಿ ಮಾಡಿ ಕಂಪ್ಯೂಟರಿಗೆ ಇಳಿಸಿದರು.

ಸೋಮವಾರ ಬಂತು. ಡಾಕ್ಟರರು ಕೈಕಟ್ಟಿ ನಿಂತರು. ಕಂಪ್ಯೂಟರಿನ ಮುಂದೆ ಅಂದು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಿದ ನರ್ಸಮ್ಮ. ಆಕೆಗೆ ಕಪಾಟಿನ ಗಂಧಗಾಳಿ ಇಲ್ಲ. ಬಾಗಿಲಲ್ಲಿ ಒಬ್ಬ ಕೆಮ್ಮುತ್ತ ಬಂದು ನಿಂತ. "ಶರಣಪ್ಪ." "ಯಾವ ಶರಣಪ್ಪರಿ?" "ಕಂಡಕ್ಟರ್." ಆಕೆ ಎರಡು ಸಲ ಕುಟ್ಟಿದಳು. "ಐದನೇ ಖಣ!" ಇಮಾಮಸಾಬರು ರೂಢಿಯಂತೆ ಎದ್ದು ನಿಲ್ಲುವುದರೊಳಗೆ ಚೀಟಿ ಡಾಕ್ಟರರ ಕೈಯಲ್ಲಿತ್ತು. ಅದೇ ಕಂಡಕ್ಟರನದು, ಅದೇ ಕೆಮ್ಮು! ಕೂತಿದ್ದ ಪೇಶಂಟುಗಳು ಜ್ವರ ಮರೆತು ಚಪ್ಪಾಳೆ ತಟ್ಟಿದರು. "ಶಾಬಾಶ್ ಸಾಬ್! ಇನ್ನ ನಾ ಬೇಫಿಕರ್ ಹೋಗ್ತೀನಿ," ಎಂದು ಇಮಾಮಸಾಬರು ನನ್ನ ಬೆನ್ನು ತಟ್ಟಿದರು. ಡಬ್ಬಿ ಎತ್ತಿಸುತ್ತೇನೆಂದಿದ್ದ ಡಾಕ್ಟರರು ಚಹಾ ತರಿಸಿ, ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ನನ್ನ ಮುಂದಿಟ್ಟರು. ಗೆದ್ದೆ! ನನ್ನ ಜನ್ಮದಲ್ಲಿ ಅಂಥ ಚಹಾ ಕುಡಿದಿಲ್ಲ.

ಗೆದ್ದವನು ಸುಮ್ಮನೆ ಬಸ್ಸು ಹತ್ತಬೇಕಿತ್ತು. "ನನ್ನ ಚೀಟಿನೂ ಹುಡುಕ್ರಿ ನರ್ಸಮ್ಮ," ಎಂದೆ, ಎಲ್ಲರಿಗೂ ಕೇಳುವಂತೆ. "ಪ್ರಹ್ಲಾದ."

ಆಕೆ ಕುಟ್ಟಿದಳು. "ಇಬ್ಬರು ಅದಾರ್ರಿ. ಒಬ್ಬರು ಪೋಸ್ಟಿನ ಪ್ರಹ್ಲಾದ. ಇನ್ನೊಬ್ಬರು..." ಆಕೆ ನನ್ನ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಮುಂದಿನ ವಾರದ ಪ್ರಹ್ಲಾದ."

ಪಡಸಾಲೆಯೆಲ್ಲ ನನ್ನತ್ತ ತಿರುಗಿತು. ಇಮಾಮಸಾಬರು ಬಹಳ ಶ್ರದ್ಧೆಯಿಂದ ಕಣ್ಣಿನ ಚಾಳೀಸು ಒರೆಸಿಕೊಳ್ಳುತ್ತಿದ್ದರು.

"ಚಾಚಾ, ಇದನ್ನ ಅಳಸ್ರಿ!"

"ಅಳಸೋ ಗುಂಡಿ ನೀವೇ ಕಿತ್ತೀರಲ್ಲ ಸಾಬ್. ಯಾವಾಗ ಹಚ್ಚಿ ಕೊಡ್ತೀರಿ?"

ಹತ್ತು ತಿಂಗಳ ರೂಢಿ ನೋಡಿ, ಬಾಯಿ ನನ್ನನ್ನು ಕೇಳದೆಯೇ ಉತ್ತರ ಕೊಟ್ಟುಬಿಟ್ಟಿತು: "ಮುಂದಿನ ವಾರ."