ಹಾರ್ತು ನೋಡ್ರಿ ಕಟಗಿ ಇಮಾನ

ಹಳೆಯ ಫೋಟೋ ನೋಡಿ ಅದರಲ್ಲಿರುವ ವಿಮಾನ ಯಾವುದೆಂದು ಹೇಳುವ ಹುಚ್ಚು ನನ್ನದು. ಜಮಖಂಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ಸ್ಟಾಫ್ ರೂಮಿನಲ್ಲಿ ಒಮ್ಮೆ ಜಂಬದಿಂದ ಇದನ್ನು ಹೇಳಿಬಿಟ್ಟೆ. ಅಂದಿನಿಂದ ಸುತ್ತಲಿನ ತಾಲೂಕುಗಳ ಟ್ರಂಕುಗಳೆಲ್ಲ ನನ್ನ ಕಟ್ಟೆಯ ಮೇಲೇ ತೆರೆಯತೊಡಗಿದವು. ವಿಮಾನ ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಫೋಟೋ ತಂದವರಿಗೆ ನಿಜವಾಗಿ ಬೇಕಾದದ್ದೇನು ಎಂದು ಗುರುತಿಸುವುದು ಮಾತ್ರ ನನಗೆ ಇವತ್ತಿಗೂ ಕೈಹತ್ತಿಲ್ಲ.

ನಾಯಿಯ ಬಾಲ

ಮುಧೋಳದ ಕಬ್ಬು ಬೆಳೆಯುವ ಗೌಡರೊಬ್ಬರು ತಮ್ಮ ಅಜ್ಜನ ಫೋಟೋ ತಂದರು. ಅಜ್ಜ ತಲೆಗೆ ಪಟಗಾ ಸುತ್ತಿಕೊಂಡು ಠೀವಿಯಿಂದ ನಿಂತಿದ್ದಾರೆ, ಕಾಲ ಬಳಿ ಬೇಟೆ ನಾಯಿ, ಹಿಂದೆ ಒಂದರ ಮೇಲೊಂದು ಎರಡು ರೆಕ್ಕೆಯ ವಿಮಾನ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇದು ಟೈಗರ್ ಮಾತ್, ಪೈಲಟ್‌ಗಳಿಗೆ ಹಾರಾಟ ಕಲಿಸುವ ವಿಮಾನ, ರೆಕ್ಕೆಗೆ ಬಟ್ಟೆ ಹೊದಿಸಿರುತ್ತಾರೆ ಎಂದು ಒಂದು ಪೂರ್ತಿ ಪಾಠವನ್ನೇ ಮಾಡಿದೆ. ಗೌಡರು ಮರ್ಯಾದೆಯಿಂದ ಎಲ್ಲ ಕೇಳಿದರು.

"ಅದೆಲ್ಲ ಖರೇರಿ ಸರ. ಆದ್ರ ಇಮಾನದ ಗಾಲಿ ನೆರಳಾಗ ನಾಯಿ ಬಾಲ ಮುಚ್ಚಿ ಹೋಗೇತಿ. ಆ ಇಮಾನ ಅಳಿಸಾಕ ಬರ್ತದೇನ್ರಿ?"

ಯಾವೂರ ವಿಮಾನ?

ಆಣೆಕಟ್ಟಿನ ಹಿನ್ನೀರು ಬರುತ್ತದೆಂದು ಬೀಳಗಿ ಕಡೆಯ ಹಳ್ಳಿಗಳು ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಅಲ್ಲಿಂದ ಬಂದ ಒಬ್ಬ ಮೇಷ್ಟ್ರು ಒಂದು ಫೋಟೋ ಕೊಟ್ಟು, "ಈ ಇಮಾನ ಯಾವೂರಿಂದು ಹೇಳ್ರಿ ಸರ" ಅಂದರು. ವಿಮಾನದೊಳಗೆ ಅವರ ಅಜ್ಜ, ಅಜ್ಜಿ ಕೂತಿದ್ದಾರೆ. ಮೂಗು ಒಂದು ಜಾತಿಯದು, ಬಾಲ ಇನ್ನೊಂದು ಜಾತಿಯದು. ಯಾವ ಪುಸ್ತಕದಲ್ಲೂ ಇಂಥದ್ದು ಸಿಗಲಿಲ್ಲ. ಕೊನೆಗೆ, ಜರ್ಮನಿಯವರು ಯುದ್ಧಕಾಲದಲ್ಲಿ ಪ್ರಯೋಗಕ್ಕೆಂದು ಮಾಡಿದ ಗುಪ್ತ ವಿಮಾನವಿರಬೇಕು ಎಂದು ಹೇಳಿ ಕಳಿಸಿದೆ.

ಮುಂದಿನ ವಾರ ಅವರು ಮತ್ತೆ ಬಂದಾಗ ಭೂತಗನ್ನಡಿ ಹಿಡಿದು ನೋಡಿದೆ. ವಿಮಾನದ ಹೊಟ್ಟೆಯ ಕೆಳಗೆ ಎರಡು ಜೋಡಿ ಚಪ್ಪಲಿ ಕಾಲು! ಅದು ಸ್ಟುಡಿಯೋದವರು ಬಣ್ಣ ಬಳಿದು ನಿಲ್ಲಿಸಿದ ಹಲಗೆಯ ವಿಮಾನ. ನಾಚಿಕೆಯಿಂದ ಹೇಳಿದೆ.

"ಹಲಿಗಿ ಅಂತ ನನಗೂ ಗೊತ್ತೈತ್ರಿ" ಅಂದರು ಮೇಷ್ಟ್ರು. "ನಮ್ಮ ಊರು ನೀರಾಗ ಹೊಂಟೈತಿ. ಅಜ್ಜ, ಅಜ್ಜಿ ಯಾವ ಪೇಟ್ಯಾಗ ಹೋಗಿ ಈ ಫೋಟೋ ತಗಸಿದ್ರು, ಅದೊಂದು ತಿಳದ್ರ ಸಾಕಿತ್ತು. ನೀವು ನೋಡಿದ್ರ ಜರ್ಮನಿತನಕ ಹೋದ್ರಿ."

ಅವರ ಮಾತಿಗೆ ನಗು ಬಂತು, ಆಮೇಲೆ ತುಂಬ ಹೊತ್ತು ಮನಸ್ಸಿಗೆ ಸಮಾಧಾನವಿರಲಿಲ್ಲ.

ಇಂಜಿನ್ ಇಲ್ಲದ್ದು

ಬನಹಟ್ಟಿಯ ಒಂದು ಓಣಿಯಲ್ಲಿ ಯಾರಾದರೂ ಬುರುಡೆ ಬಿಟ್ಟರೆ "ಹಾರ್ತು ನೋಡ್ರಿ ಕಟಗಿ ಇಮಾನ!" ಅನ್ನುವುದು ವಾಡಿಕೆ. ಮಗ್ಗ ನಿಂತಾಗ ಕರೆಂಟು ಈಗ ಬರುತ್ತದೆ ಅಂದವನಿಗೂ ಇದೇ ಮಾತು. ಇದು ಹುಟ್ಟಿದ್ದು ಮಗ್ಗ ಮಾಡುವ ಬಡಿಗರೊಬ್ಬರಿಂದ. ಹರೆಯದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿದ್ದು ಬಂದ ಅವರು, "ಕಟಗೀದೊಂದು ಇಮಾನ ಮಾಡಿದ್ವಿ, ಇಂಜಿನ್ ಇರಲಿಲ್ಲ, ಆದ್ರೂ ಹಾರ್ತು" ಎಂದು ಸಾಯುವತನಕ ಹೇಳಿದರು. ಓಣಿಯವರೂ ಅವರು ಸಾಯುವತನಕ ನಕ್ಕರು.

ಅವರ ಹೆಂಡತಿ, ಹಣ್ಣು ಮುದುಕಿ, ಒಂದು ದಿನ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಸೆರಗಿನಿಂದ ಫೋಟೋ ತೆಗೆದಳು.

"ಚಾ ಆಮ್ಯಾಲ ಕುಡಿಯೂನ್ರಿ. ನನ್ನ ಗಂಡ ಸುಳ್ಳಗಾರ ಹೌದೋ ಅಲ್ಲೋ, ಮೊದಲ ಹೇಳ್ರಿ. ಮಂದಿ ಜೋಡಿ ಕೂಡಿ ನಾನೂ ನಕ್ಕೇನಿ."

ನೋಡಿದೆ. ಕಾರ್ಖಾನೆಯವರ ಗುಂಪು, ಹಿಂದೆ ಒಂದು ವಿಮಾನ. ನಮ್ಮ ದೇಶದ ಜೆಟ್ ಯುದ್ಧವಿಮಾನ 'ಮಾರುತ'ದ್ದೇ ಆಕಾರ. ಆದರೆ ಇಂಜಿನ್ನಿಗೆ ಗಾಳಿ ಹೋಗುವ ಬಾಯಿಗಳು ಮುಚ್ಚಿವೆ. ಜೆಟ್ ಮಾಡುವ ಮೊದಲು ಅದೇ ಅಳತೆಯ ಮರದ ವಿಮಾನ ಮಾಡಿ, ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಮೇಲಕ್ಕೆಳೆದು, ಬಿಟ್ಟು ಪರೀಕ್ಷಿಸಿದ್ದನ್ನು ನಾನು ಓದಿದ್ದೆ.

"ಖರೇ ಐತಿ ಯವ್ವಾ" ಅಂದೆ. "ಕಟಗೀದ. ಇಂಜಿನ್ ಇರಲಿಲ್ಲ. ಹಾರೇತಿ."

ಮುದುಕಿ ಕಣ್ಣೊರೆಸಿಕೊಂಡಳು.

"ಹಂಗಾರ ಇನ್ನೊಂದೂ ನೋಡಿ ಹೇಳ್ರಿ" ಅಂದಳು. "ಅಷ್ಟ ಛಲೋ ನೌಕರಿ ಯಾಕ ಬಿಟ್ಟು ಬಂದ್ರಿ ಅಂತ ಕೇಳಿದ್ರ, ನಿನ್ನ ಬಿಟ್ಟು ಇರಾಕ ಆಗಲಿಲ್ಲ ಅಂತಿದ್ರು. ಕೆಲಸದಿಂದ ತಗದಾರ, ಅದಕ್ಕ ಹಿಂಗ ಅಂತಾರ ಅಂದಕೊಂಡು ಅವರ ಮಾತು ನಾ ನಂಬಲೇ ಇಲ್ಲ. ಅದೂ ಇದರಾಗ ಕಾಣತೈತೇನ್ರಿ?"

ಭೂತಗನ್ನಡಿ ಹಿಡಿದೆ. ಎಲ್ಲರೂ ಎದೆಯುಬ್ಬಿಸಿ ಕ್ಯಾಮೆರಾ ನೋಡುತ್ತಿದ್ದಾರೆ. ಮುದುಕಿ ಬೆರಳಿಟ್ಟು ತೋರಿಸಿದ, ರೆಕ್ಕೆಯ ಪಕ್ಕ ನಿಂತ ತರುಣ ಬಡಿಗ ಮಾತ್ರ ಮುಖ ತಿರುಗಿಸಿ ಎಲ್ಲೋ ದೂರ ನೋಡುತ್ತಿದ್ದಾನೆ.

"ಇವರ ಲಕ್ಷ್ಯ ಇಮಾನದ ಮ್ಯಾಲ ಇಲ್ರಿ, ಬ್ಯಾರೆ ಕಡಿ ಐತಿ" ಅಂದೆ.

"ಯಾವ ಕಡಿ?" ಮುದುಕಿ ಮುಂದೆ ಬಾಗಿದಳು.

"ಬನಹಟ್ಟಿ ಕಡೀರಿ."

ಮುದುಕಿ ನನ್ನನ್ನೇ ದಿಟ್ಟಿಸಿದಳು. ಫೋಟೋ ಇಸಿದುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಹಾರ್ತು ನೋಡ್ರಿ ನಿಮ್ಮದೂ ಕಟಗಿ ಇಮಾನ!"