ನಡಾವಳಿಯಲ್ಲಿ ನನ್ನ ಭಾಷಣ

ಭಾಷಣದಲ್ಲಿ ನನಗೆ ಸಮಾನರು ಕಾರವಾರದಿಂದ ಅಂಕೋಲೆಯ ತನಕ ಇಲ್ಲವೆಂದು ನಾನು ಮೊದಲಿನಿಂದಲೂ ಬಲ್ಲೆ. ಬೇರೆಯವರಿಗೆ ಗೊತ್ತಿರಲಿಲ್ಲ, ಅಷ್ಟೇ. ಹಾಗಾಗಿ ತಾಲೂಕು ಬೋರ್ಡಿನ ಮೆಂಬರನಾಗಿ ಆರಿಸಿ ಬಂದ ದಿನವೇ, "ಇನ್ನು ಕೋಡಿಬಾಗದ ತಾರಿಕಟ್ಟೆಗೆ ಮೆಟ್ಟಿಲು ಆದಂತೆಯೇ!" ಎಂದು ಹೆಂಡತಿಗೆ ಮಾತು ಕೊಟ್ಟುಬಿಟ್ಟೆ.

ಮೆಟ್ಟಿಲು ಬೇಕೇ ಬೇಕಿತ್ತು. ಕಾಳಿ ಹೊಳೆಯ ನೀರು ಇಳಿದರೆ ಜನರನ್ನು ದಾಟಿಸುವ ತಾರಿ ದೋಣಿ ದಡದ ತನಕ ಬರುವುದಿಲ್ಲ. ಮೊಣಕಾಲುದ್ದದ ಕೆಸರು ತುಳಿದೇ ಹತ್ತಬೇಕು, ಇಳಿಯಬೇಕು. ಹಿಂದಿನ ಮಳೆಗಾಲ ಆಚೆ ದಡದ ತವರಿನಿಂದ ಬರುವಾಗ ನನ್ನ ಹೆಂಡತಿ ಅಲ್ಲೇ ಜಾರಿ ಬಿದ್ದಿದ್ದಳು. ಸೊಂಟದ ನೋವು ಇನ್ನೂ ಬಿಟ್ಟಿರಲಿಲ್ಲ.

"ಭಾಷಣ ಯಾರಿಗ್ ಬೇಕು? ಕಲ್ಲು ಹಾಕ್ಸಿ" ಎಂದಳು.

ಮೊದಲ ಸಭೆಯಲ್ಲಿ ಎದ್ದು ನಿಂತೆ. ಮೇಜು ಗುದ್ದಿದೆ. ಅಧ್ಯಕ್ಷರ ಚಹಾ ಚೆಲ್ಲಿತು. ಮುಂದಿನ ಸಭೆಯಲ್ಲಿ ಕಾರಕೂನ ಪಾಂಡುರಂಗ ಅದರ ನಡಾವಳಿ ಓದಿದ: "ಮೆಟ್ಟಿಲಿನ ವಿಷಯ ಚರ್ಚೆಗೆ ಬಂತು. ಮುಂದಕ್ಕೆ ಹಾಕಲಾಯಿತು."

ಅಷ್ಟೇ!

"ನನ್ನ ಭಾಷಣ ಎಲ್ಲಿ?" ಎಂದು ಗರ್ಜಿಸಿದೆ.

"ನಾಯ್ಕರೆ, ಸಭೆ ಎಂತ ಮಾಡ್ತು ಅಂತ ನಡಾವಳಿಲಿ ಬರೀಬೇಕು. ಯಾರು ಎಂತ ಮಾತಾಡಿದ್ರು ಅಂತ ಅಲ್ಲ ಮಾರಾಯ್ರೆ" ಎಂದರು ಅಧ್ಯಕ್ಷರು.

"ಹಾಗಾದ್ರೆ ನಾನು ಮಾತಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ!"

ನಾನು ಬಿಡುವ ಆಸಾಮಿಯೇ? ನಿಂತಲ್ಲೇ ಠರಾವು ಮಂಡಿಸಿದೆ: ಸಭೆ ಆರಂಭವಾದಲ್ಲಿಂದ ಅಧ್ಯಕ್ಷರು ಮುಗಿಯಿತೆಂದು ಸಾರುವ ತನಕ ಸದಸ್ಯರ ಬಾಯಿಂದ ಹೊರಟ ಪ್ರತಿಯೊಂದು ಮಾತನ್ನೂ ಬರೆಯತಕ್ಕದ್ದು, ಮುಂದಿನ ಸಭೆಯಲ್ಲಿ ಓದತಕ್ಕದ್ದು. ತಂತಮ್ಮ ಮಾತೂ ಬರುತ್ತದೆಂಬ ಆಸೆಯಿಂದ ಎಲ್ಲರೂ ಕೈ ಎತ್ತಿದರು. ಆ ಖುಷಿಗೆ ನನ್ನ ಭಾಷಣವನ್ನು ಮೊದಲಿನಿಂದ ಇನ್ನೊಮ್ಮೆ ಮಾಡಿದೆ!

"ಮೆಟ್ಲು ಆಯ್ತಾ?" ಹೆಂಡತಿ ಕೇಳಿದಳು.

"ಅದಕ್ಕಿಂತ ದೊಡ್ಡದು ಆಯ್ತು!"

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು" ಎಂದು ಅವಳು ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳತೊಡಗಿದಳು.

ಮೂರನೆಯ ಸಭೆಗೆ ಆಚೆ ದಡದ ಮೆಂಬರರೆಲ್ಲ ಬಂದಿದ್ದರು. ಅವರ ಮುಖಂಡ ತಿಮ್ಮಣ್ಣ ಗೌಡರು ಮೆಟ್ಟಿಲಿಗೆ ಕೈ ಎತ್ತುವುದಾಗಿ ಮಾತು ಕೊಟ್ಟಿದ್ದರು. ಅವರಿದ್ದರೆ ಗೆಲುವು. ಅವರು ಎದ್ದು ಹೋದರೆ ಕೋರಂ ಇಲ್ಲ! ಪಾಂಡುರಂಗ ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದ.

"ನಾಯ್ಕರು: ಎಮ್ಮೆಗೂ ಬೇಡವಾದ ಆ ಕೆಸರಿನಲ್ಲಿ ನಮ್ಮ ಮಾತೆಯರು... ತಿಮ್ಮಣ್ಣ ಗೌಡರು: ಆ ನಶ್ಯದ ಡಬ್ಬಿ ಇತ್ಲಾಗೆ ಕೊಡು. ಅಧ್ಯಕ್ಷರು: ಈ ಮನುಷ್ಯ ಇನ್ನೂ ಎಷ್ಟ್ ಹೊತ್ತು ಕೊರೀತಾನೆ? ನಾಯ್ಕರು, ಪಕ್ಕದವರ ಕಿವಿಯಲ್ಲಿ: ಅಧ್ಯಕ್ಷರ ತಲೆ ಹೊರಗಷ್ಟೇ ಅಲ್ಲ, ಒಳಗೂ ಬೋಳು."

ನಾನು ಬೆವತುಹೋದೆ. "ಕಿವಿಲಿ ಹೇಳಿದ್ದನ್ನೂ ಬರೀತಾರೇನೋ?"

"ಪ್ರತಿಯೊಂದು ಮಾತು ಅಂದ್ರಿ, ಸಾಹೇಬ್ರೆ" ಎಂದ ಪಾಂಡುರಂಗ.

"ಹೊಡೆದುಹಾಕು ಅದನ್ನ!"

"ಹೊಡೀಬಾರ್ದು! ಇರ್ಲಿ! ನನ್ನ ಮೊಮ್ಮಕ್ಕಳೂ ಓದ್ಲಿ!" ಅಧ್ಯಕ್ಷರು ಕೆಂಪಾದರು. ನಶ್ಯದ ಮಾತು ತೆಗೆಯಿರೆಂದು ಗೌಡರು ಹಟ ಹಿಡಿದರು. ತನ್ನ ಹೆಸರೇ ಬಂದಿಲ್ಲವೆಂದು ಇನ್ನೊಬ್ಬರು ಮುನಿಸಿಕೊಂಡರು. ಈ ಜಗಳವನ್ನೂ ಪಾಂಡುರಂಗ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದ. ಮೂಗಿಗಿಂತ ಮೂಗುತಿಯೇ ಭಾರವಾಗಿತ್ತು.

ಗೌಡರು ಕಿಟಕಿಯಾಚೆ ನೋಡಿ ಎದ್ದೇಬಿಟ್ಟರು. "ನೀರು ಇಳೀತಾ ಬಂತು. ತಾರಿಯವ ಕೂಗ್ತಾ ಇದ್ದಾನೆ. ನಾವು ಹೊರಟ್ವಿ."

"ಕೈ ಎತ್ತಿ ಹೋಗಿ, ಗೌಡ್ರೆ!"

"ನಡಾವಳಿ ಓದಿ ಮುಗೀದೆ ಕೈ ಎತ್ತೂದು ಹೆಂಗೆ? ನಿಮ್ದೇ ಠರಾವು!"

ನಾನು ಛಲ ಬಿಡಲಿಲ್ಲ. ಅವರ ಬೆನ್ನು ಹತ್ತಿ ಓಡಿದೆ. ತಮಾಷೆ ನೋಡಲು ಉಳಿದ ಬೋರ್ಡೂ ನನ್ನ ಹಿಂದೆ ಬಂತು. ದೋಣಿ ಆಗಲೇ ಹೊರಟಿತ್ತು. "ಗೌಡ್ರೇ, ನಿಲ್ಲಿ!" ಎಂದು ಕೋಟು ಸಮೇತ ಕೆಸರಿಗಿಳಿದೆ. ಮರುಕ್ಷಣ ಅಂಗಾತ ಬಿದ್ದೆ!

"ಅಯ್ಯಯ್ಯೋ ಆಯೀ, ಸತ್ತೆ! ಇಲ್ಲಿ ಕಲ್ಲು ಹಾಕದ ಬೋರ್ಡಿಗೆ ಬೆಂಕಿ ಬೀಳ!"

ಕಣ್ಣಿನ ಕೆಸರು ಒರೆಸಿ ನೋಡುತ್ತೇನೆ, ದಡದಲ್ಲಿ ಪಾಂಡುರಂಗ ನಿಂತು ಬರೆಯುತ್ತಿದ್ದಾನೆ.

"ಇದನ್ನೂ ಬರೀತೀಯೇನೋ?"

"ಸಭೆ ಮುಗೀತು ಅಂತ ಅಧ್ಯಕ್ಷರು ಹೇಳ್ಲೇ ಇಲ್ಲ, ಸಾಹೇಬ್ರೆ."

ಅಧ್ಯಕ್ಷರು ನಗುತ್ತಲೇ ನನ್ನನ್ನು ಎತ್ತಲು ಎರಡು ಹೆಜ್ಜೆ ಇಳಿದರು. ಅವರ ಕಾಲಿನ ಹೊಸ ಜೋಡನ್ನು ಕೆಸರು ನುಂಗಿತು. ಎಷ್ಟು ಕೆದಕಿದರೂ ಸಿಗಲಿಲ್ಲ. ಆಮೇಲೆ ಅವರು ನಗಲಿಲ್ಲ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಮೊದಲು ನನ್ನ ಠರಾವನ್ನು ರದ್ದು ಮಾಡಿಸಿದರು. ಆ ಕೂಡಲೇ ಮೆಟ್ಟಿಲಿಗೆ ಎಲ್ಲರ ಕೈ ಎತ್ತಿಸಿ ಹೊಸ ನಡಾವಳಿ ಬರೆಸಿದರು: "ಸದಸ್ಯರು ಬಿದ್ದರು. ಮೆಟ್ಟಿಲು ಮಂಜೂರಾಯಿತು." ಜೋಡಿನ ಸುದ್ದಿ ಅದರಲ್ಲಿ ಇರಲಿಲ್ಲ. ನನ್ನ ಭಾಷಣದ ಸುದ್ದಿಯೂ ಇರಲಿಲ್ಲ. ನಾನು ತೆಪ್ಪಗೆ ಸಹಿ ಹಾಕಿದೆ.

ಸೊಂಟ ಹಿಡಿದುಕೊಂಡು ಮನೆಗೆ ಬಂದು ಸುದ್ದಿ ಹೇಳಿದೆ. ಹೆಂಡತಿಯ ಮುಖ ಅರಳಿತು.

"ಹೌದಾ! ಈ ಸಲ ಎಷ್ಟು ಹೊತ್ತು ಮಾತಾಡಿದ್ರಿ?"

"ಬಾಯೇ ಬಿಡಲಿಲ್ಲ."

"ಹಾಂ, ಅದಕ್ಕೇ ಆಯ್ತು" ಎಂದು ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿದಳು.