ತೂತು ದೋಣಿಯ ತಾಳ

ಸಂಗೀತಗಾರರ ಜೊತೆ ಓಡಾಡುವವನು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ವಾರಕ್ಕೊಂದು ತಾನಾಗಿಯೇ ಬಂದು ಜಗಲಿಯಲ್ಲಿ ಕೂತಿರುತ್ತದೆ. ನಲವತ್ತರ ದಶಕದಲ್ಲಿ ನಾನು ಕೋಟೇಶ್ವರದಲ್ಲಿ ಶಾಲೆಯ ಮಾಸ್ತರನಾಗಿದ್ದೆ. ನನ್ನ ಅಕ್ಷರ ದುಂಡಗಿದೆ ಎನ್ನುವ ಒಂದೇ ತಪ್ಪಿಗೆ ಕುಂದಾಪುರದ ನಮ್ಮ ಗುರುಗಳು ತಮ್ಮ ಕೃತಿಗಳ ಸ್ವರ ಬರೆಯುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು.

ಗುರುಗಳ ಶೈಲಿಯೇ ಬೇರೆ. ಸಾಹಿತ್ಯ ದೇವರದ್ದು, ರಾಗ ಹಿರಿಯರದ್ದು, ಲಯ ಮಾತ್ರ ಊರಿನದ್ದು. ಒನಕೆಯ ಪೆಟ್ಟು, ಬಟ್ಟೆ ಒಗೆಯುವ ಸದ್ದು, ಎತ್ತಿನ ಗಾಡಿಯ ಕುಲುಕಾಟ, ಕಿವಿಗೆ ಬಿದ್ದದ್ದೆಲ್ಲ ಅವರಿಗೆ ತಾಳ. ಅವರಿಗೆ ಇದ್ದ ಆಸೆ ಒಂದೇ: ಕಣ್ಣು ಮುಚ್ಚುವುದರೊಳಗೆ ಒಬ್ಬ ದೊಡ್ಡ ವಿದ್ವಾಂಸರು ತಮ್ಮದೊಂದು ಕೃತಿಯನ್ನು ಕಟ್ಟಿದ ಹಾಗೇ ಹಾಡಬೇಕು. ‘ಕಟ್ಟಿದ ಹಾಗೇ’ ಎನ್ನುವುದನ್ನು ಪ್ರತಿ ಸಲವೂ ಒತ್ತಿ ಹೇಳುತ್ತಿದ್ದರು.

ಕೆಮ್ಮಣ್ಣಿನ ಚರಣ

ಯುದ್ಧದ ಕಾಲ, ಕಾಗದಕ್ಕೆ ಬರ. ಗುರುಗಳಿಗೆ ಸ್ವರ ಹೊಳೆಯುವುದು ಹೆಚ್ಚಾಗಿ ಅಡುಗೆಮನೆಯಲ್ಲಿ ಕಾಫಿಗೆ ಕಾಯುವಾಗ. ಹಾಗಾಗಿ ನಾನು ಇದ್ದಿಲು ಹಿಡಿದು ಗೋಡೆಯ ಮೇಲೆಯೇ ಬರೆಯತೊಡಗಿದೆ. ಪಲ್ಲವಿ ಕಿಟಕಿಯ ಪಕ್ಕ, ಅನುಪಲ್ಲವಿ ಉಪ್ಪಿನ ಮರಿಗೆಯ ಮೇಲೆ, ಚರಣ ಒಲೆಯ ಹಿಂದೆ. ದೀಪಾವಳಿಯ ರಜೆ ಮುಗಿಸಿ ಬಂದು ನೋಡಿದರೆ ಅಮ್ಮನವರು, ಅಂದರೆ ಗುರುಪತ್ನಿ, ಒಲೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದಿದ್ದರು. ಚರಣ ನಮ್ಮಿಬ್ಬರಿಗೂ ನೆನಪಾಗಲಿಲ್ಲ.

ಮುಂದೊಮ್ಮೆ ಪಂಡಿತರೊಬ್ಬರು ಆ ಕೃತಿ ಕೇಳಿ ತಲೆದೂಗಿದರು. "ಚರಣವನ್ನೇ ಇಡದೆ ಭಗವಂತನ ನಿರಾಕಾರವನ್ನು ಸೂಚಿಸಿದ್ದೀರಿ!" ಎಂದರು. ಗುರುಗಳು ವಿನಯದಿಂದ ತಲೆ ತಗ್ಗಿಸಿದರು.

ಒಳಗಿನಿಂದ ಅಮ್ಮನವರ ದನಿ ಬಂತು: "ನಿರಾಕಾರ ಎಂತದೂ ಅಲ್ಲ ಮಾರಾಯ್ರೆ, ನಾನ್ ಗೋಡಿಗೆ ಕೆಮ್ಮಣ್ಣ್ ಬಳ್ದದ್ದ್."

ರುಬ್ಬುವ ಕಲ್ಲು

ಅಮ್ಮನವರು ದೋಸೆಗೆ ಅಕ್ಕಿ ರುಬ್ಬುವಾಗ ಕಲ್ಲು ಒಂದು ಕಡೆ ಚೂರು ಎಡವಿ ಮುಂದೆ ಹೋಗುತ್ತಿತ್ತು. ಗುರುಗಳಿಗೆ ಆ ಎಡವಿಕೆಯ ಮೇಲೆ ಮೋಹ. ಪಕ್ಕದಲ್ಲೇ ಕೂತು, "ಇನ್ನೊಂದ್ ಸಲ ಹಾಂಗೇ ತಿರ್ಗ್ಸ್... ಹಾಂ, ಇನ್ನೊಂದ್ ಸಲ" ಎನ್ನುತ್ತಲೇ ಇದ್ದರು. ಅಮ್ಮನವರು ಅರ್ಧ ಗಂಟೆ ತಿರುಗಿಸಿದರು. ಕೊನೆಗೆ ಕೈ ನಿಲ್ಲಿಸಿ ಕೇಳಿದರು:

"ಅಕ್ಕಿ ಮುಗ್ದ್ ಹೊತ್ತಾಯ್ತ್. ಇನ್ನ್ ಕಲ್ಲನ್ನೇ ರುಬ್ಬಿ ದೋಸೆ ಹೊಯ್ಕಾ?"

ದೋಣಿಯ ತೂತು

ಗುರುಗಳ ಬದುಕಿನ ದೊಡ್ಡ ಕೃತಿ ಹುಟ್ಟಿದ್ದು ಗಂಗೊಳ್ಳಿಗೆ ಹೊಳೆ ದಾಟುವ ದೋಣಿಯಲ್ಲಿ. ದೋಣಿಯ ಅಡಿಯಲ್ಲಿ ಒಂದು ತೂತಿತ್ತು. ದೋಣಿಯವ ಐದು ಸಲ ಹುಟ್ಟು ಹಾಕುವನು, ಆಮೇಲೆ ಬಗ್ಗಿ ತೆಂಗಿನಕಾಯಿಯ ಗೆರಟೆಯಲ್ಲಿ ಎರಡು ಸಲ ನೀರು ಮೊಗೆದು ಹೊರಗೆ ಚೆಲ್ಲುವನು. ಹುಟ್ಟಿಗೆ ಒಂದೊಂದು ಎಣಿಕೆ, ಚೆಲ್ಲುವುದಕ್ಕೆ ಒಂದೂವರೆ. ಲೆಕ್ಕ ಹಾಕಿದರೆ ಎಂಟೇ, ಸಾಕ್ಷಾತ್ ಆದಿತಾಳ. ಆದರೆ ಪೆಟ್ಟು ಯಾರೂ ಎಣಿಸದ ಜಾಗದಲ್ಲಿ ಬಿದ್ದು ಮೈ ಝುಂ ಎನ್ನಿಸುತ್ತಿತ್ತು. ಆ ಒಂದು ತಾಳಕ್ಕಾಗಿ ನಾವು ಕೆಲಸವಿಲ್ಲದೆಯೂ ಹನ್ನೆರಡು ಸಲ ಹೊಳೆ ದಾಟಿದೆವು.

ಹದಿಮೂರನೆಯ ಸಲ ಹೋದಾಗ ದೋಣಿಯವ ಬಗ್ಗಲೇ ಇಲ್ಲ. ತೂತಿಗೆ ನಾರು ತುಂಬಿ ರಾಳ ಮೆತ್ತಿದ್ದ. ಗುರುಗಳ ಮುಖ ಬಾಡಿತು. "ಚರಣ ಇನ್ನೂ ಬಾಕಿ ಇತ್ತ್ ಮಾರಾಯ. ಒಂದ್ ವಾರದ ಮಟ್ಟಿಗೆ ತೂತ್ ಬಿಡ್ಸಿ ಕೊಡ್" ಎಂದು ಅಂಗಲಾಚಿದರು.

ದೋಣಿಯವ ಹುಟ್ಟು ನಿಲ್ಲಿಸದೆ ಹೇಳಿದ: "ಹ್ವಾಯ್, ನಿಮ್ಮ್ ಹಾಡ್ ಮುಳ್ಗಿರೆ ಇನ್ನೊಂದ್ ಕಟ್ಲಕ್ಕ್. ನನ್ನ್ ದೋಣಿ ಮುಳ್ಗಿರೆ ನಾನ್ ಎಂತ ಮಾಡೂದ್?"

ಚರಣವನ್ನು ಗುರುಗಳು ಮನೆಯ ಹಜಾರದಲ್ಲೇ ಮುಗಿಸಿದರು. ನಾನು ತೆಂಗಿನ ಗರಿಯ ಹುಟ್ಟು ಹಾಕುತ್ತ, ಬರಿಯ ನೆಲದಿಂದ ನೀರು ಮೊಗೆಯುತ್ತ ಕೂತಿದ್ದೆ. ನನ್ನ ಶಾಲೆಯವರು ಯಾರೂ ಆ ಕಡೆ ಬರಲಿಲ್ಲ ಎನ್ನುವುದೇ ಪುಣ್ಯ.

ನೇರ ಮಾಡಿದ ಕೃತಿ

ಕೊನೆಗೂ ಯೋಗ ಕೂಡಿಬಂತು. ಮೈಸೂರು ಕಡೆಯ ಹೆಸರಾಂತ ವಿದ್ವಾಂಸರೊಬ್ಬರು ಬ್ರಹ್ಮಾವರದ ಒಂದು ಮದುವೆಯಲ್ಲಿ ಹಾಡಿ, ಬೈಂದೂರಿಗೆ ಹೋಗುವ ದಾರಿಯಲ್ಲಿ ಕುಂದಾಪುರದಲ್ಲಿ ತಂಗಿದರು. ಸಂಜೆ ಕಚೇರಿ. ಗುರುಗಳು ಮಧ್ಯಾಹ್ನವೇ ದೋಣಿಯ ಕೃತಿ ಹಾಡಿ ತೋರಿಸಿದರು. ವಿದ್ವಾಂಸರು ಕಣ್ಣರಳಿಸಿದರು. ಆದರೆ ಒಂದು ಮಾತು ಸೇರಿಸಿದರು:

"ಕೃತಿ ಚೆನ್ನಾಗಿದೆ, ಹಾಡುತ್ತೇನೆ. ಆದರೆ ಈ ಒಂದೂವರೆ ಯಾಕೆ ಸ್ವಾಮಿ? ಸೊಟ್ಟ ಕಾಣುತ್ತದೆ. ನಾನು ನೇರ ಮಾಡಿಕೊಳ್ಳುತ್ತೇನೆ."

ಅಷ್ಟು ದೊಡ್ಡವರಿಗೆ ತೂತಿನ ಕಥೆ ಹೇಳುವುದು ಹೇಗೆ? ಗುರುಗಳು "ಆಗಲಿ" ಎಂದುಬಿಟ್ಟರು.

ಸಂಜೆ ವಿದ್ವಾಂಸರು ಕೃತಿಯನ್ನು ಇಸ್ತ್ರಿ ಹಾಕಿದ ಪಂಚೆಯಂತೆ ನೇರ ಮಾಡಿ ಹಾಡಿದರು. ಚಪ್ಪಾಳೆ ಬಿತ್ತು. ಗುರುಗಳು ಮಾತ್ರ ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದರು. ಅವರೇ ಕರೆಸಿದ್ದ ದೋಣಿಯವ ನನ್ನ ಪಕ್ಕದಲ್ಲಿ ಮೊದಲಿನಿಂದ ಕೊನೆಯವರೆಗೆ ಕೈಯಲ್ಲೇ ಹುಟ್ಟು ಹಾಕಿ ನೋಡಿ, ಬೇಸರದಿಂದ ನನ್ನ ಕಿವಿಯಲ್ಲಿ ಹೇಳಿದ:

"ಇವ್ರ್ ಒಂದ್ ಗೆರಟಿ ನೀರೂ ಹೊರ್ಗ್ ಹಾಕಲ್ಲೆ ಮಾಸ್ತ್ರೆ. ಅರ್ಧ ಹೊಳೀಲೇ ಮುಳ್ಗ್ತ್."

ನಡುಹೊಳೆಯ ಕಚೇರಿ

ಮರುದಿನ ಬೆಳಿಗ್ಗೆ ವಿದ್ವಾಂಸರನ್ನು ಹೊಳೆ ದಾಟಿಸಲು ನಾವು ದಡಕ್ಕೆ ಹೋದೆವು. ವಿದ್ವಾಂಸರು ಜರಿಯ ಪಂಚೆ ಉಟ್ಟು ದೋಣಿ ಹತ್ತಿದರು. ಮೃದಂಗದವರು ಮೃದಂಗವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ದೋಣಿ ಹತ್ತು ಮಾರು ಹೋಗಿತ್ತೋ ಇಲ್ಲವೋ, ಮೃದಂಗ ತೊಡೆಯಿಂದ ತಲೆಯ ಮೇಲಕ್ಕೆ ಹೋಯಿತು. "ನೀರು! ನೀರು!" ಎಂದು ವಿದ್ವಾಂಸರು ಕೂಗಿದ್ದು ದಡಕ್ಕೆ ಕೇಳಿಸಿತು.

"ಹೆದ್ರ್‌ಬೇಡಿ ಸ್ವಾಮಿ" ಎಂದ ದೋಣಿಯವ, ತಣ್ಣಗೆ. "ನಿಮ್ಗಂತ್ಲೇ ತೂತ್ ಬಿಡ್ಸಿದೆ. ನಾನ್ ಐದ್ ಹುಟ್ಟ್ ಹಾಕ್ತೆ, ನೀವ್ ಎರ್ಡ್ ಸಲ ಚೆಲ್ಲಿ." ಗೆರಟೆಯನ್ನು ಅವರ ಕೈಗೆ ಕೊಟ್ಟ.

ನನ್ನ ಜೊತೆ ದಡದಲ್ಲಿ ನಿಂತಿದ್ದ ಗುರುಗಳು ಗಾಬರಿಯಿಂದ ಕೆಸರಿಗೇ ಇಳಿದರು. ವಿದ್ವಾಂಸರು ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಅವಸರ ಅವಸರವಾಗಿ ಮೊಗೆದರು. ಒಂದು ಎಣಿಕೆಯಲ್ಲಿ ಚೆಲ್ಲಲು ಹೋಗಿ ಅರ್ಧ ನೀರನ್ನು ತಮ್ಮ ಮಡಿಲಿಗೇ ಹೊಯ್ದುಕೊಂಡರು. ಮತ್ತೆ ಅದೇ ಆಯಿತು. ಮೂರನೆಯ ಸಲ ಕೈ ತಾನಾಗಿಯೇ ನಿಧಾನಿಸಿತು, ಗೆರಟೆ ಪೂರ್ತಿ ಹೊರಗೆ ಖಾಲಿಯಾಯಿತು. ಅವರು ನಮ್ಮ ಕಡೆ ತಿರುಗಿ ಬಾಯಿ ತುಂಬ ಕೂಗಿದರು:

"ಸ್ವಾಮೀ! ಒಂದೂವರೆಯೇ ಸರಿ! ಒಂದರಲ್ಲಿ ಆಗುವುದೇ ಇಲ್ಲ!"

ಆಮೇಲೆ ಹಾಡಲು ಶುರು ಮಾಡಿದರು. ಐದು ಹುಟ್ಟು, ಎರಡು ಚೆಲ್ಲು, ಕಟ್ಟಿದ ಹಾಗೇ! ಗುರುಗಳು ದಡದ ಕೆಸರಿನಲ್ಲೇ ಕೂತು ತೊಡೆ ತಟ್ಟಿ ತಾಳ ಹಾಕಿದರು. ಕಣ್ಣಿನಲ್ಲಿ ನೀರು, ಬಾಯಿಯಲ್ಲಿ ನಗು. ಅಷ್ಟು ಸಂತೋಷದ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ದೋಣಿ ದೂರವಾಗಿ ಅನುಪಲ್ಲವಿಯ ಹೊತ್ತಿಗೆ ದನಿ ಗಾಳಿಯಲ್ಲಿ ಕರಗಿಹೋಯಿತು.

ದೋಣಿಯವ ಮರಳಿ ಬರುವವರೆಗೂ ಗುರುಗಳು ಅಲ್ಲಿಂದ ಕದಲಲಿಲ್ಲ. ಅವನು ದಡ ಮುಟ್ಟುವ ಮೊದಲೇ ಕೇಳಿದರು: "ಚರಣವನ್ನೂ ಹಾಡಿದ್ರಾ?"

"ಪೂರ್ತಿ ಹಾಡಿದ್ರ್, ಎರಡೆರಡ್ ಸಲ" ಎಂದ ದೋಣಿಯವ. "ನಿಲ್ಸಿರೆ ಮುಳ್ಗ್ತಿತ್ತಲೆ!"